ಚೀನದ ಹಳ್ಳಿಯ ಶಾಲೆಯಲ್ಲಿ ಒಬ್ಬ ವಿದೇಶೀಯ ಉಪಾಧ್ಯಾಯ

1931ನೆಯ ಇಸವಿಯಲ್ಲಿ ಗಾಂಧೀಜಿಯವರು ಎರಡನೆಯ ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಹೋಗಿದ್ದಾಗ, ದೊಡ್ಡ ಹೋಟೆಲುಗಳನ್ನು ಬಿಟ್ಟು, ನಗರದ ಪೂರ್ವಭಾಗದ ಬಡವರ ಕೇರಿಯಲ್ಲಿದ್ದ ಕಿಂಗ್ಸ್‌ಲಿ ಹಾಲ್ ಎಂಬ ಸೇವಾಗೃಹದಲ್ಲಿ ಇಳಿದುಕೊಂಡಿದ್ದ ಸಂಗತಿ ವಾಚಕರಿಗೆ ತಿಳಿದೇ ಇದೆ. ಆ ಗೃಹವನ್ನು ನಡೆಸುತ್ತಿದ್ದವರು ಮ್ಯೂರಿಯಲ್ ಲೆಸ್ಟರ್ ಎಂಬ ಮಹಿಳೆ. ಆಕೆಯ ಸೋದರಿಯ ಮಗನೊಬ್ಬನು ಮುಂದೆ ಚೀನದೇಶದ ಒಂದು ಮೂಲೆಯ ಊರಿನಲ್ಲಿ ಮೇಷ್ಟರಾಗಿ ಬಾಳಿ, ಅಲ್ಲಿಯೇ ಮಣ್ಣಾದನೆಂಬುದು ಅಷ್ಟು ಪ್ರಸಿದ್ಧವಾದ ವಿಷಯವಲ್ಲ. ಆತನ ಹೆಸರು ಜಾರ್ಜ್ ಹಾಗ್. ರಾಜರ ಮತ್ತು ಸೇನಾಪತಿಗಳ ವೃತ್ತಾಂತವನ್ನೇ ಚರಿತ್ರೆಯೆಂದು ಓದಿ ಬಂದಿರುವ ನಮಗೆ, ಒಬ್ಬ ಶಾಲಾ ಉಪಾಧ್ಯಾಯನ ದಿನಚರಿಯಲ್ಲಿಯೂ ಚರಿತ್ರೆ ಅಡಗಿರಬಹುದೆಂಬುದನ್ನು ಈತನ ಬಾಳು ತೋರಿಸಿಕೊಡುತ್ತದೆ.

ಜಾರ್ಜನು ಇಂಗ್ಲೆಂಡಿನ ಹಾರ್ಪೆಂಡೆನ್ ಎಂಬ ಊರಿನಲ್ಲಿ 1915ರಲ್ಲಿ ಹುಟ್ಟಿದನು. ಆಕ್ಸ್‌ಫರ್ಡಿನಲ್ಲಿ ವ್ಯಾಸಂಗವನ್ನು ಮುಗಿಸಿ 1937ರಲ್ಲಿ ದೇಶಾಟನೆಗೆ ಹೊರಟು, ಅಮೆರಿಕವನ್ನು ದಾಟಿ, ಸೋದರತ್ತೆಯೋ ಚಿಕ್ಕಮ್ಮನೋ ಎಂದು ಇಂಗ್ಲಿಷಿನಲ್ಲಿ ಭೇದವಿಲ್ಲದೆ ಕರೆಯಲ್ಪಡುವ ಆ ಮ್ಯೂರಿಯಲ್ ಲೆಸ್ಟರರೊಡನೆ ಜಪಾನಿಗೂ, 1938ರ ಆದಿಯಲ್ಲಿ ಚೀನಕ್ಕೂ ಬಂದನು. ಕೆಲವು ದಿನ ನೋಡಿ ಹಿಂದಿರುಗಬೇಕೆಂಬುದು ಆತನ ಎಣಿಕೆಯಾಗಿತ್ತು. ಆದರೆ ಆ ವೇಳೆಗೆ ಜಪಾನಿನ ಸೈನ್ಯವು ಷಾಂಘೈ ನಗರವನ್ನು ಹಿಡಿದಿದ್ದಿತು. ಸುಟ್ಟ ಬೀದಿಗಳನ್ನೂ, ಮನೆಮಠಗಳನ್ನು ಕಳೆದುಕೊಂಡು ಪಶ್ಚಿಮಕ್ಕೆ ನಡೆಯುತ್ತಿದ್ದ ಜನರ ಸಾಲುಗಳನ್ನೂ ಕಂಡ ಮೇಲೆ ಆತನಿಗೆ ಹಿಂದಿರುಗುವ ಮನಸ್ಸಾಗಲಿಲ್ಲ. ಸ್ವಲ್ಪ ಕಾಲ ವಾರ್ತಾಪತ್ರಿಕೆಗಳಿಗೆ ಬರೆಯುತ್ತಿದ್ದು, ಬಳಿಕ ಚೀನದ ಔದ್ಯೋಗಿಕ ಸಹಕಾರ ಚಳವಳಿಯಲ್ಲಿ ಸೇರಿಕೊಂಡನು.

ಈ ಚಳವಳಿಯ ವಿಷಯವನ್ನು ಎರಡು ಮಾತಿನಲ್ಲಿ ಹೇಳಬೇಕು. ಚೀನದ ಕಾರ್ಖಾನೆಗಳಲ್ಲಿ ಬಹುಭಾಗ ಸಮುದ್ರತೀರದ ನಗರಗಳಲ್ಲಿದ್ದುವು. ಆ ನಗರಗಳು ಶತ್ರುವಿನ ವಶವಾದೊಡನೆಯೇ ದೇಶಕ್ಕೆ ಬಟ್ಟೆಯಿಲ್ಲ, ಕಂಬಳಿಯಿಲ್ಲ, ಕಾಗದವಿಲ್ಲ ಎಂಬ ಸ್ಥಿತಿ ಒದಗಿತು. ಆಗ ಕೆಲವರು ಚೀನೀಯರೂ ವಿದೇಶೀಯರೂ ಸೇರಿ, ಒಳನಾಡಿನ ಹಳ್ಳಿಗಳಲ್ಲಿ ನಿರಾಶ್ರಿತರ ಸಣ್ಣ ಸಣ್ಣ ಕಸಬಿನ ಸಂಘಗಳನ್ನು ಕಟ್ಟುವ ಯೋಜನೆಯನ್ನು ಮಾಡಿದರು. 1938ರಲ್ಲಿ ಮೊದಲಾದ ಈ ಕಾರ್ಯಕ್ಕೆ 'ಗುಂಗ್ ಹೋ' ಎಂದು ಹೆಸರಾಯಿತು. ಕೂಡಿ ದುಡಿಯುವುದೆಂದು ಅದರ ತಾತ್ಪರ್ಯ. ಎರಡು ಮೂರು ವರ್ಷಗಳಲ್ಲಿ ಸಂಘಗಳ ಸಂಖ್ಯೆ ಸಾವಿರವನ್ನು ಮೀರಿತು. ಇದರ ಮುಖ್ಯ ಕಾರ್ಯಕರ್ತರಲ್ಲಿ ಒಬ್ಬನು ನ್ಯೂಜಿಲೆಂಡಿನ ರೇವಿ ಆಲಿ. 1897ರಲ್ಲಿ ಹುಟ್ಟಿದ ಈತನು 1927ರಲ್ಲಿ ಷಾಂಘೈಗೆ ಬಂದು, ಅಲ್ಲಿ ಕಾರ್ಖಾನೆಗಳ ತನಿಖೆದಾರನಾಗಿದ್ದು, ಎಳೆಯ ಮಕ್ಕಳು ಯಂತ್ರಗಳ ಮುಂದೆ ನವೆಯುವುದನ್ನು ಕಣ್ಣಾರೆ ಕಂಡಿದ್ದವನು.

ಸಂಘಗಳು ಬೆಳೆದಂತೆ ಲೆಕ್ಕ ಬರೆಯಬಲ್ಲ, ಯಂತ್ರವನ್ನು ಬಿಚ್ಚಿ ಜೋಡಿಸಬಲ್ಲ ಹಳ್ಳಿಯ ತರುಣರು ಬೇಕಾದರು. ಅಂಥವರು ದೊರೆಯುವುದು ದುರ್ಲಭವಾಗಿತ್ತು. ಓದು ಬಲ್ಲವನು ಕೈಗೆ ಮಸಿ ಹತ್ತಿಸಿಕೊಳ್ಳಲಾರನು. ಕೈಗೆ ಮಸಿ ಹತ್ತಿದವನಿಗೆ ಓದು ಬಾರದು. ಈ ಅಂತರವನ್ನು ಬಹಳ ಹಿಂದೆಯೇ ಕಂಡುಕೊಂಡು ಮರುಗಿದ್ದವನು ಜೋಸೆಫ್ ಬೇಲಿ ಎಂಬ ಪಾದ್ರಿ. ನಾನ್‌ಕಿಂಗಿನ ವಿಶ್ವವಿದ್ಯಾನಿಲಯದಲ್ಲಿ ವ್ಯವಸಾಯ ಶಿಕ್ಷಣಕ್ಕೆ ತಳಹದಿ ಹಾಕಿ, ಚೀನದ ತರುಣರನ್ನು ಅಮೆರಿಕದ ಫೋರ್ಡ್ ಕಾರ್ಖಾನೆಗೆ ಕಳುಹಿಸಿ ಕೆಲಸ ಕಲಿಸಿದವನು. 1935ರಲ್ಲಿ ತೀರಿಕೊಂಡ ಈ ಮಿತ್ರನ ನೆನಪಿಗಾಗಿ ಆಲಿಯು ಚಳವಳಿಯ ಶಾಲೆಗಳಿಗೆ ಬೇಲಿ ಶಾಲೆಗಳೆಂದು ಹೆಸರಿಟ್ಟನು. ಆ ಹೆಸರನ್ನು ಚೀನದ ಲಿಪಿಯಲ್ಲಿ ಬರೆದಾಗ 'ಪೇಲಿ' ಎಂದಾಗುತ್ತದೆ. ಆ ಎರಡು ಅಕ್ಷರಗಳಿಗೆ ಬೆಳಸು ಎಂದೂ, ಬೆಳಗಿನ ಜಾವ ಎಂದೂ ಅರ್ಥ. ಬೆಳಗಿಗಾಗಿ ಮಕ್ಕಳನ್ನು ಸಿದ್ಧಪಡಿಸುವ ಶಾಲೆಯೆಂಬ ಭಾವ ಹೀಗೆ ತಾನಾಗಿಯೇ ಒದಗಿತು.

ಷಾನ್‌ಶಿ ಪ್ರಾಂತದ ಚಿನ್‌ಲಿಂಗ್ ಪರ್ವತಗಳ ನಡುವೆ ಷ್ವಾಂಗ್‌ಶಿಪು ಎಂಬ ಪುಟ್ಟ ಊರಿನಲ್ಲಿ ಇಂಥದೊಂದು ಶಾಲೆಯಿದ್ದಿತು. ಮುಖ್ಯೋಪಾಧ್ಯಾಯರಾಗಿ ಬಂದವರು ಒಬ್ಬರಾದ ಮೇಲೊಬ್ಬರಾಗಿ ಸ್ವಲ್ಪ ಕಾಲದಲ್ಲಿಯೇ ಬಿಟ್ಟುಹೋಗಿದ್ದರು. 1942ರಲ್ಲಿ ಆ ಭಾರ ಜಾರ್ಜನ ಹೆಗಲಿಗೆ ಬಿತ್ತು. ಆಗ ಆತನಿಗೆ ಇಪ್ಪತ್ತೇಳು ವರ್ಷ. ಹುಡುಗರಲ್ಲಿ ಅನೇಕರು ಯುದ್ಧದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡವರು. ಕೆಲವರು ಕ್ಷಾಮದಿಂದ ಓಡಿಬಂದವರು. ಮೈಯೆಲ್ಲ ಕಜ್ಜಿ, ತಲೆಯಲ್ಲಿ ಹೇನು, ಕಣ್ಣುಬೇನೆ. ಆಕ್ಸ್‌ಫರ್ಡಿನ ಪದವೀಧರನ ಮೊದಲ ಪಾಠ ಹೀಗೆ ಗಂಧಕದ ಮುಲಾಮನ್ನು ಹಚ್ಚುವುದರಿಂದಲೂ, ನೀರು ಕಾಯಿಸಿ ಬಟ್ಟೆ ಕುದಿಸುವುದರಿಂದಲೂ ಆರಂಭವಾಯಿತು. ಮೈ ತುರಿಸುತ್ತಿರುವ ಹುಡುಗನಿಗೆ ಗಣಿತ ಹತ್ತದೆಂಬುದನ್ನು ಯಾವ ಶಿಕ್ಷಣಶಾಸ್ತ್ರದ ಗ್ರಂಥವೂ ಅವನಿಗೆ ಹೇಳಿಕೊಡಬೇಕಾಗಲಿಲ್ಲ.

ದಿನದ ಕ್ರಮ ಸರಳವಾಗಿತ್ತು. ಬೆಳಿಗ್ಗೆ ಎದ್ದು ವ್ಯಾಯಾಮ, ಹೊಳೆಯಲ್ಲಿ ಸ್ನಾನ. ಅರ್ಧ ದಿನ ಓದು ಬರಹ ಲೆಕ್ಕ. ಅರ್ಧ ದಿನ ಮಗ್ಗದ ಮುಂದೆ ಅಥವಾ ಯಂತ್ರಶಾಲೆಯಲ್ಲಿ ದುಡಿತ. ಸಂಜೆ ಆಟ, ಈಜು, ಹಾಡು. ಓದಿದ್ದನ್ನು ಕೈ ಪರೀಕ್ಷಿಸಬೇಕು, ಕೈ ಮಾಡಿದ್ದನ್ನು ಬುದ್ಧಿ ಒರೆಹಚ್ಚಬೇಕು ಎಂಬುದೇ ಶಾಲೆಯ ಸೂತ್ರ. ಜಾರ್ಜನು ಚೀನದ ಭಾಷೆಯನ್ನು ಚೆನ್ನಾಗಿ ಕಲಿತು ಅದರಲ್ಲಿಯೇ ಮಾತನಾಡುತ್ತಿದ್ದನು. ಹುಡುಗರಿಂದ ಆ ನಾಡಿನ ಹಾಡುಗಳನ್ನು ತಾನು ಕಲಿತು, ತನ್ನ ನಾಡಿನವನ್ನು ಅವರಿಗೆ ಕಲಿಸುತ್ತಿದ್ದನು. ಹ ಕ ಎಂದು ಆತನಿಗೊಂದು ಚೀನೀ ಹೆಸರೂ ಆಗಿತ್ತು. ಉಡುವುದು ಅವರಂತೆ, ಉಣ್ಣುವುದು ಅವರೊಡನೆ. ಬೆಟ್ಟದ ಮಗ್ಗುಲಲ್ಲಿ ಕೊರೆದ ಗುಹೆಯೇ ಮನೆ. ನಿಯೆ ಎಂಬ ಮನೆತನದ ನಾಲ್ವರು ಅಣ್ಣತಮ್ಮಂದಿರು, ತಾಯಿ ಸತ್ತು ತಂದೆ ದೂರವಾಗಿ ದಿಕ್ಕಿಲ್ಲದೆ ಇದ್ದರು. ಅವರನ್ನು ಆತನು ತನ್ನ ಮಕ್ಕಳೆಂದೇ ಇಟ್ಟುಕೊಂಡನು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ವಿದೇಶೀಯನಾದ ಉಪಾಧ್ಯಾಯನು ತನ್ನೊಡನೆ ಏನನ್ನು ತರುತ್ತಾನೆ? ಚೀನಕ್ಕೆ ಅದಕ್ಕೆ ಮುಂಚೆ ಒಂದು ಶತಮಾನದಿಂದ ವಿದೇಶೀಯ ಉಪಾಧ್ಯಾಯರು ಬರುತ್ತಲೇ ಇದ್ದರು. ಅವರಲ್ಲಿ ಸಜ್ಜನರೂ ವಿದ್ವಾಂಸರೂ ಇದ್ದರು. ಆದರೆ ಅನೇಕ ಕಡೆ ಅವರ ಮನೆ ಬೇರೆ, ಊಟ ಬೇರೆ, ಸುತ್ತ ಎತ್ತರದ ಗೋಡೆ. ಅಲ್ಲಿ ಕಲಿತ ಹುಡುಗನು ಹಳ್ಳಿಯನ್ನು ತೊರೆದು ನಗರದ ಕಚೇರಿಯನ್ನು ಸೇರುವುದೇ ವಿದ್ಯೆಯ ಫಲವೆಂದು ತಿಳಿಯುತ್ತಿದ್ದನು. ನಮ್ಮ ದೇಶಕ್ಕೂ ಈ ಅನುಭವ ಹೊಸದಲ್ಲ. ಷ್ವಾಂಗ್‌ಶಿಪುವಿನಲ್ಲಿ ಆ ಗೋಡೆಯಿರಲಿಲ್ಲ. ಉಪಾಧ್ಯಾಯನೇ ಹೊಳೆಗಿಳಿದು ಈಜುವನು, ಯಂತ್ರ ಕೆಟ್ಟರೆ ಹುಡುಗರೊಡನೆ ಕುಳಿತು ತಲೆ ಕೆರೆದುಕೊಳ್ಳುವನು. ಕೈಕೆಲಸ ಕೀಳಲ್ಲವೆಂದು ಅವನು ಉಪನ್ಯಾಸ ಮಾಡಬೇಕಾದ ಅಗತ್ಯವೇ ಬೀಳಲಿಲ್ಲ.

1944ರ ವೇಳೆಗೆ ಅಲ್ಲಿ ಇರುವುದು ಕಷ್ಟವಾಯಿತು. ಜಪಾನಿನ ಸೈನ್ಯವು ಮುಂದೊತ್ತಿ ಬರುತ್ತಿತ್ತು. ಸಹಕಾರ ಚಳವಳಿಯ ಮೇಲೆ ಸರ್ಕಾರಕ್ಕೆ ಸಂಶಯ ಬಲಿತು, ಆಲಿಯನ್ನು 1942ರಲ್ಲಿಯೇ ಅಧಿಕಾರದಿಂದ ತೆಗೆದಿದ್ದರು. ದೊಡ್ಡ ಹುಡುಗರನ್ನು ಸೈನ್ಯಕ್ಕೆ ಎಳೆದೊಯ್ಯುವ ಭಯವೂ ಇದ್ದಿತು. 1943ರಲ್ಲಿ ಆಲಿಯು, ಚೀನದ ವಿಜ್ಞಾನಚರಿತ್ರೆಯನ್ನು ಬರೆದು ಮುಂದೆ ಲೋಕಪ್ರಸಿದ್ಧನಾದ ಜೋಸೆಫ್ ನೀಡಮ್‌ನೊಡನೆ ವಾಯವ್ಯದ ಕಡೆ ಪ್ರಯಾಣ ಮಾಡಿದ್ದಾಗ, ಗಾನ್ಸು ಪ್ರಾಂತದ ಷಾನ್‌ದಾನ್ ಎಂಬ ಊರು ಕಣ್ಣಿಗೆ ಬಿದ್ದಿತ್ತು. ಶಾಲೆಯನ್ನು ಅಲ್ಲಿಗೆ ಸಾಗಿಸುವುದೆಂದು ನಿಶ್ಚಯವಾಯಿತು. 1944ರ ಕೊನೆಯಿಂದ 1945ರ ಆದಿಯವರೆಗೆ, ಕಡುಚಳಿಯಲ್ಲಿ, ಸುಮಾರು 60 ಹುಡುಗರೂ ಶಾಲೆಯ ಸಲಕರಣೆಗಳೂ ಸುಮಾರು 1,100 ಕಿಲೋಮೀಟರು ದೂರ ಬೆಟ್ಟಗಳನ್ನು ದಾಟಿ ಹೋದುವು. ಈ ಕಥೆಯನ್ನು ಆಧರಿಸಿ 2008ರಲ್ಲಿ ಒಂದು ಚಲಚ್ಚಿತ್ರ ಬಂದಿತು. ಅದರಲ್ಲಿ ರಂಜನೆಗಾಗಿ ಸೇರಿಸಿದ ಪ್ರಸಂಗಗಳು ಬಹಳ. ನಿಜವಾಗಿ ಹುಡುಗರು ಕೆಲವು ದೂರ ನಡೆದು, ಕೆಲವು ದೂರ ಹೇಸರಗತ್ತೆಯ ಗಾಡಿಗಳಲ್ಲಿ, ಕೆಲವು ದೂರ ಲಾರಿಗಳಲ್ಲಿ ಸಾಗಿದರು. ಲಾರಿಯಲ್ಲಿ ಹೋದರೆಂಬುದರಿಂದ ಆ ಪ್ರಯಾಣದ ಹಿರಿಮೆ ಕುಂದುವುದಿಲ್ಲ.

ಷಾನ್‌ದಾನ್ ಸಮುದ್ರಮಟ್ಟಕ್ಕೆ ಸುಮಾರು 1,700 ಮೀಟರು ಎತ್ತರದಲ್ಲಿರುವ ಒಣನೆಲದ ಊರು. ದಕ್ಷಿಣಕ್ಕೆ ಹಿಮ ಹೊದ್ದ ಚಿಲಿಯನ್ ಪರ್ವತಗಳು, ಉತ್ತರಕ್ಕೆ ಮರಳುಗಾಡು. ಪ್ರಾಚೀನ ಕಾಲದ ರೇಷ್ಮೆಯ ದಾರಿ ಈ ಕಣಿವೆಯಲ್ಲಿಯೇ ಹಾದುಹೋಗಿತ್ತು. ಮಹಾಗೋಡೆಯ ಮಣ್ಣಿನ ಅವಶೇಷಗಳು ಊರ ಹತ್ತಿರದಲ್ಲಿಯೇ ಇವೆ. ಆ ವೈಭವವೆಲ್ಲ ಅಳಿದು, 1945ರಲ್ಲಿ ಅಲ್ಲಿ ಉಳಿದಿದ್ದುದು ಬಡತನ ಮಾತ್ರ. ಆದರೆ ನೆಲದಲ್ಲಿ ಕಲ್ಲಿದ್ದಲೂ ಕುಂಬಾರರ ಜೇಡಿಯೂ ಇದ್ದುವು. ಕುರಿಗಳ ಉಣ್ಣೆ ದೊರೆಯುತ್ತಿತ್ತು. ಕಸಬಿನ ಶಾಲೆಗೆ ಇದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಬೇಕಿಲ್ಲವೆಂದು ಆಲಿಯ ಅಭಿಪ್ರಾಯ.

ಹಳೆಯ ದೇವಾಲಯವೊಂದು ಶಾಲೆಯಾಯಿತು. ಸೋರುವ ಮಾಡನ್ನು ಸರಿಪಡಿಸಿದವರೂ, ಗೋಡೆಗೆ ಮಣ್ಣು ಮೆತ್ತಿದವರೂ ಹುಡುಗರೇ. ಮಲಗುವುದಕ್ಕೆ 'ಕಾಂಗ್' ಎಂಬ ಇಟ್ಟಿಗೆಯ ಜಗಲಿ. ಅದರ ಕೆಳಗೆ ಬೆಂಕಿ ಹಾಕಿ ಬೆಚ್ಚಗೆ ಮಾಡಿ, ಹತ್ತಾರು ಜನ ಸಾಲಾಗಿ ಅದರ ಮೇಲೆ ಮಲಗುವರು. ನಮ್ಮ ರೈತರು ಬೆಳೆಯುವ ನವಣೆಯೇ ಆ ಉತ್ತರದ ನಾಡಿನವರ ಗಂಜಿಯ ಧಾನ್ಯವೂ ಹೌದು. ಇಷ್ಟರ ನಡುವೆ ಯಂತ್ರಗಳನ್ನು ಇಳಿಸಿ ಹೂಡಿ, ಕೆಲವು ತಿಂಗಳುಗಳಲ್ಲಿಯೇ ಪಾಠವೂ ದುಡಿತವೂ ಮತ್ತೆ ಮೊದಲಾದುವು.

ಆ ವರ್ಷದ ಜುಲೈ ತಿಂಗಳಿನಲ್ಲಿ ಒಂದು ದಿನ ಜಾರ್ಜನು ಹುಡುಗರೊಡನೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಾಗ ಕಾಲಿನ ಬೆರಳು ಎಡವಿ ಗಾಯವಾಯಿತು. ಅಂಥ ಗಾಯವನ್ನು ಆಟವಾಡುವವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೆಲವು ದಿನಗಳಲ್ಲಿ ದವಡೆ ಬಿಗಿಯಿತು, ಧನುರ್ವಾಯು ಹಿಡಿದಿತ್ತು. ಅದಕ್ಕೆ ತಕ್ಕ ಔಷಧ ದೊರೆಯುವ ದೊಡ್ಡ ಊರು ನೂರಾರು ಮೈಲಿ ದೂರ. ಔಷಧ ಸಕಾಲಕ್ಕೆ ಒದಗಲಿಲ್ಲ. 1945ನೆಯ ಜುಲೈ 22ರಂದು ಜಾರ್ಜನು ತೀರಿಕೊಂಡನು. ಆತನಿಗೆ ಮೂವತ್ತು ವರ್ಷ. ಇನ್ನು ಮೂರು ನಾಲ್ಕು ವಾರಗಳಿಗೆ ಜಪಾನು ಶರಣಾಗಿ ಯುದ್ಧ ಮುಗಿಯಿತು. ಊರಿನ ದಕ್ಷಿಣ ಬಾಗಿಲಿನ ಹೊರಗೆ ಹುಡುಗರು ತಮ್ಮ ಮೇಷ್ಟರನ್ನು ಮಣ್ಣುಮಾಡಿದರು.

ಈ ಮರಣದಲ್ಲಿ ವೀರಗಾಥೆಗೆ ತಕ್ಕ ಸಾಮಗ್ರಿ ಏನೂ ಇಲ್ಲ. ಗುಂಡು ತಗುಲಲಿಲ್ಲ, ಕೋಟೆ ಮುರಿಯಲಿಲ್ಲ. ಆದರೆ ಆ ನಾಡಿನ ರೈತರ ಮಕ್ಕಳು ಇಂಥ ಕಾರಣಗಳಿಂದಲೇ ವರ್ಷ ವರ್ಷವೂ ಸಾಯುತ್ತಿದ್ದರು; ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಹಳ್ಳಿಯವರಂತೆ ಬಾಳುತ್ತೇನೆಂದು ಹೊರಟವನಿಗೆ ಹಳ್ಳಿಯವರ ಸಾವೂ ಪಾಲಿಗೆ ಬಂದಿತು.

ಜಾರ್ಜನ ಕೆಲಸವನ್ನು ಆಲಿಯೇ ಕೈಗೆತ್ತಿಕೊಂಡನು. ನಿಯೆ ಮನೆತನದ ಮಕ್ಕಳ ಹೊಣೆಯೂ ಆತನ ಪಾಲಿಗೆ ಬಂದಿತು. ಮುಂದಿನ ವರ್ಷಗಳಲ್ಲಿ ವಿದ್ಯಾರ್ಥಿಗಳು ನೂರಾರು ಮಂದಿಯಾದರು. ಮಡಕೆ, ಗಾಜು, ಕಾಗದ, ಉಣ್ಣೆಯ ಬಟ್ಟೆ, ಚರ್ಮ ಎಲ್ಲವೂ ಅವರ ಕೈಯಿಂದ ತಯಾರಾದುವು. ಕಲ್ಲಿದ್ದಲ ಗಣಿಯನ್ನೂ ಅವರೇ ತೋಡಿದರು. ನ್ಯೂಜಿಲೆಂಡಿನ ದಂಪತಿಗಳಾದ ಸ್ಪೆನ್ಸರರು 1947ರಲ್ಲಿ ಬಂದು ಅಲ್ಲೊಂದು ಆಸ್ಪತ್ರೆಯನ್ನು ನಡೆಸಿದರು. ಎರಡು ವರ್ಷ ಮುಂಚೆ ಅದು ಇದ್ದಿದ್ದರೆ ಎಂದು ಅಲ್ಲಿನ ಹುಡುಗರು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. 1949ರಲ್ಲಿ ಚೀನದ ರಾಜ್ಯ ಬದಲಾಯಿತು. ಕೆಲವು ವರ್ಷಗಳಲ್ಲಿ ವಿದೇಶೀಯರು ಒಬ್ಬೊಬ್ಬರಾಗಿ ಹೊರಟರು. ಶಾಲೆಯನ್ನು ಲಾನ್‌ಜೋ ನಗರಕ್ಕೆ ಸಾಗಿಸಿ, ಕಲ್ಲೆಣ್ಣೆಯ ಉದ್ಯಮಕ್ಕೆ ಸೇರಿದ ಶಾಲೆಯನ್ನಾಗಿ ಮಾಡಿದರು. ಆಲಿಯು 1953ರಲ್ಲಿ ಪೀಕಿಂಗಿನಲ್ಲಿ ನೆಲಸಿದನು.

1966ರಲ್ಲಿ ಮೊದಲಾದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ವಿದೇಶೀಯರ ನೆನಪೆಲ್ಲವೂ ಅಪರಾಧವೆನಿಸಿ, ಜಾರ್ಜನ ಸಮಾಧಿಯನ್ನು ಒಡೆದುಹಾಕಿದರು. ಆ ಬಿರುಗಾಳಿ ಅಡಗಿದ ಮೇಲೆ, 1980ರ ದಶಕದಲ್ಲಿ, ಅದನ್ನು ಮತ್ತೆ ಕಟ್ಟಿದರು. ಷಾನ್‌ದಾನಿನಲ್ಲಿ ಬೇಲಿ ಶಾಲೆ ಪುನಃ ತೆರೆಯಬೇಕೆಂಬುದು ಮುದುಕನಾದ ಆಲಿಯ ಕೊನೆಯ ಹಂಬಲವಾಗಿತ್ತು. 1987ರಲ್ಲಿ ಅದೂ ನೆರವೇರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆತನು ಕಣ್ಣು ಮುಚ್ಚಿದನು.

ಜಾರ್ಜನು ಮುಖ್ಯೋಪಾಧ್ಯಾಯನಾಗಿದ್ದುದು ಮೂರು ವರ್ಷಗಳಿಗೆ ಸ್ವಲ್ಪ ಹೆಚ್ಚು ಕಾಲ ಮಾತ್ರ. ಷಾನ್‌ದಾನಿನಲ್ಲಂತೂ ಆರು ತಿಂಗಳೂ ತುಂಬಲಿಲ್ಲ. ಆತನು ಹೊಸ ಸಿದ್ಧಾಂತವನ್ನು ಸ್ಥಾಪಿಸಲಿಲ್ಲ. ಶಾಲೆಯ ತತ್ತ್ವವು ಬೇಲಿ ಆಲಿಗಳದು, ದುಡಿತವು ಹುಡುಗರದು. ಅವನ ಪಾಲಿನದು ಕಜ್ಜಿಗೆ ಮದ್ದು ಹಚ್ಚಿದ್ದು, ಹಾಡು ಕಲಿತದ್ದು, ಒಂದೇ ಜಗಲಿಯ ಮೇಲೆ ಮಲಗಿದ್ದು, ಮುಂಚಿನವರೆಲ್ಲ ಬಿಟ್ಟುಹೋದ ಕಡೆಯಲ್ಲಿ ಬಿಡದೆ ನಿಂತದ್ದು. ಸ್ವರಾಜ್ಯ ಬಂದು ಇಷ್ಟು ಕಾಲವಾದರೂ ನಮ್ಮ ದೂರದ ಊರುಗಳ ಶಾಲೆಗಳಿಗೆ ಹೋದ ಉಪಾಧ್ಯಾಯರಲ್ಲಿ ಎಷ್ಟೋ ಮಂದಿ, ಹೋದ ದಿನವೇ ವರ್ಗದ ಅರ್ಜಿಯನ್ನು ಬರೆಯುವುದನ್ನು ನಾವು ಕಾಣುತ್ತೇವೆ. ಅವರನ್ನು ದೂಷಿಸುವುದು ಸುಲಭ. ಮನೆ, ಔಷಧ, ರಸ್ತೆಗಳಿಲ್ಲದ ಊರಿನಲ್ಲಿ ಸಂಸಾರ ಹೂಡುವುದು ಸುಲಭವಲ್ಲ. ಆದರೂ ಅಂಥ ಊರುಗಳಲ್ಲಿ ನಿಂತು ಪಾಠ ಹೇಳುವವರು ನಮ್ಮಲ್ಲಿಯೂ ಅಲ್ಲಲ್ಲಿ ಇದ್ದಾರೆ. ಅವರಲ್ಲಿ ಯಾರಾದರೂ ಈ ಲೇಖನವನ್ನು ಓದಿದರೆ, ಗಾನ್ಸುವಿನ ಒಣನೆಲದಲ್ಲಿ ಮಲಗಿರುವ ಆ ಮೇಷ್ಟರು ತಮ್ಮ ವೃತ್ತಿಬಂಧುವೆಂದು ತಿಳಿದಾರು.