ಚೌಳು ಮಣ್ಣಿಂದ ಸೋಪಿನ ತನಕ

ಗಾಣದ ಕೊಬ್ಬರಿ ಎಣ್ಣೇಲಿ ಮನೆಯಲ್ಲೇ ಸೋಪು ಮಾಡ್ಬೇಕು ಅಂತ ನಮ್ಮ ಸುತ್ತಮುತ್ತ ನಾಲ್ಕೈದು ಮನೆಯವರು ಹೊರಟಿದ್ದಾರೆ. ಒಳ್ಳೇದೇ. ಆದ್ರೆ ಎಲ್ಲರೂ ಕೇಳೋದು ಎಣ್ಣೆ ಬಗ್ಗೆ. ಸೋಪಿನ ಕತೆ ಎಣ್ಣೇಲಿಲ್ಲ, ಕ್ಷಾರದಲ್ಲಿದೆ. ಅದು ಗೊತ್ತಿಲ್ಲದೆ ಕೈ ಹಾಕಿದ್ರೆ ಕೈಯೇ ಸುಡುತ್ತೆ. ಅದಕ್ಕೆ ಸ್ವಲ್ಪ ಹಿಂದಿನಿಂದ ಬರೀತೀನಿ, ಉದ್ದ ಆಗುತ್ತೆ, ಪುರಸೊತ್ತು ಮಾಡ್ಕೊಂಡು ಓದಿ.

ಸೋಪು ಬರೋ ಮುಂಚೆ ನಮ್ಮವರು ತಲೆಗೆ ಸೀಗೆಪುಡಿ, ಮೈಗೆ ಕಡ್ಲೆಹಿಟ್ಟು, ರೇಷ್ಮೆ ಸೀರೆಗೂ ಒಡವೆಗೂ ಅಂಟುವಾಳ ಬಳಸ್ತಿದ್ರು. ಸೀಗೆ, ಅಂಟುವಾಳ ನೊರೆ ಕೊಟ್ರೂ ಅವು ಸೋಪಲ್ಲ. ಕಾಯಿಯೊಳಗೇ ಇರೋ ಸ್ಯಾಪೋನಿನ್ ಅನ್ನೋ ಅಂಶದಿಂದ ಆ ನೊರೆ ಬರುತ್ತೆ.

ಬಟ್ಟೆ ವಿಷಯ ಬೇರೆ. ನಾವು ಚೌಳು ಅಂತ ಬಯ್ದು ಜಿಪ್ಸಂ ಸುರೀತೀವಲ್ಲ, ಬೇಸಿಗೇಲಿ ಮೇಲೆ ಬೆಳ್ಳಗೆ ಪೊರೆ ಕಟ್ಟುತ್ತಲ್ಲ, ಆ ಮಣ್ಣನ್ನೇ ಮಡಿವಾಳರು ಕೆರೆದು ತರ್ತಿದ್ರು. ಅದರಲ್ಲಿರೋದು ಸೋಡಾ. ಅದರ ನೀರಲ್ಲಿ ಬಟ್ಟೆ ಅದ್ದಿ, ಉಬ್ಬೆಗೆ ಹಾಕಿ ಹಬೇಲಿ ಬೇಯಿಸೋರು. ಬಟ್ಟೇಲಿದ್ದ ಮೈ ಜಿಡ್ಡಿಗೂ ಸೋಡಾಕ್ಕೂ ಬಿಸಿ ತಾಗಿ, ಬಟ್ಟೆಯೊಳಗೇ ಅಷ್ಟಿಷ್ಟು ಸೋಪು ಹುಟ್ಟಿ ಕೊಳೆ ಬಿಡ್ತಿತ್ತು. ಟಿಪ್ಪು ಕಾಲ ಮುಗಿದ ಮೇಲೆ 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಅನ್ನೋ ಇಂಗ್ಲಿಷ್ ಕಂಪನಿಯ ವೈದ್ಯ ಈ ಸೋಡಾ ಮಣ್ಣಿನ ಬಗ್ಗೆ ಬರೆದಿದ್ದಾನೆ. ಹೊಸದುರ್ಗದ ಕಡೆ ಮತ್ತೋಡಿನ ಗಾಜಿನ ಬಳೆಗೂ ಇದೇ ಸೋಡಾ ಬೇಕಾಗ್ತಿತ್ತು. ನಮಗೆ ಬೆಳೆ ಕೊಡದ ಮಣ್ಣು ಇನ್ನೊಬ್ಬರಿಗೆ ಅನ್ನ ಕೊಡ್ತಿತ್ತು.

ಒಲೆ ಬೂದೀಲೂ ಕ್ಷಾರ ಇದೆ, ಆದ್ರೆ ಅದು ಪೊಟ್ಯಾಷ್. ಗೊಬ್ಬರಕ್ಕೆ ಬೂದಿ ಹಾಕೋದೂ ಅದಕ್ಕೇ ತಾನೆ. ಬೂದಿ ನೀರು, ಸುಣ್ಣ, ಎಣ್ಣೆ ಸೇರಿಸಿ ಕುದಿಸಿದ್ರೆ ಸೋಪೇನೋ ಆಗುತ್ತೆ, ಆದ್ರೆ ಗಟ್ಟಿಯಾಗಲ್ಲ, ಜೋನಿಬೆಲ್ಲದ ಥರ ಇರುತ್ತೆ. ಗಟ್ಟಿ ಬಿಲ್ಲೆ ಆಗ್ಬೇಕಾದ್ರೆ ಸೋಡಾ ಬೇಕು. ಸಿರಿಯಾದ ಅಲೆಪ್ಪೊ, ಫ್ರಾನ್ಸಿನ ಮಾರ್ಸೇಲ್ ಊರುಗಳು ಸೋಪಿಗೆ ಹೆಸರಾಗಿದ್ದು ಇದ್ರಿಂದ್ಲೇ. ಉಪ್ಪು ನೆಲದಲ್ಲಿ ಬೆಳೆಯೋ ಗಿಡಗಳನ್ನ ಸುಟ್ರೆ ಬೂದೀಲಿ ಸೋಡಾ ಸಿಗುತ್ತೆ. ಜೊತೆಗೆ ಅಲ್ಲಿ ಆಲಿವ್ ಎಣ್ಣೆಗೆ ಬರ ಇರಲಿಲ್ಲ.

1791ರಲ್ಲಿ ಲೆಬ್ಲಾಂಕ್ ಅನ್ನೋ ಫ್ರೆಂಚಿನವನು ಅಡುಗೆ ಉಪ್ಪಿಂದಲೇ ಸೋಡಾ ತೆಗೆಯೋ ದಾರಿಗೆ ಪೇಟೆಂಟ್ ತಗೊಂಡ. ಸೋಪು ಅಗ್ಗ ಆಯ್ತು. ಆದ್ರೆ ಆ ಕಾರ್ಖಾನೆಗಳ ಆಸಿಡ್ ಹೊಗೆಗೆ ಇಂಗ್ಲೆಂಡಿನಲ್ಲಿ ಅಕ್ಕಪಕ್ಕದ ರೈತರ ಬೆಳೆ, ಮರಗಿಡ ಕರಕಲಾದವು. ಗಲಾಟೆಯಾಗಿ 1863ರಲ್ಲಿ ಸರ್ಕಾರ ಅದಕ್ಕಂತಲೇ ಕಾನೂನು ತಂತು. ಕಾರ್ಖಾನೆ ಪಕ್ಕದ ರೈತನ ಪಾಡು ಅವತ್ತೂ ಅಷ್ಟೇ.

ಇನ್ನೊಬ್ಬ ಫ್ರೆಂಚಿನವನು ಶೆವ್ರಲ್. ಎಣ್ಣೆ, ಕೊಬ್ಬು ಕ್ಷಾರದ ಜೊತೆ ಸೇರಿದಾಗ ಒಡೆದು ಒಂದು ಕಡೆ ಸೋಪು, ಇನ್ನೊಂದು ಕಡೆ ಗ್ಲಿಸರಿನ್ ಆಗುತ್ತೆ ಅಂತ ಬಿಡಿಸಿ ತೋರಿಸಿದ. 1823ರಲ್ಲಿ ಅವನ ಪುಸ್ತಕ ಬಂತು. ನೂರಾ ಎರಡು ವರ್ಷ ಬದುಕಿದ ಮನುಷ್ಯ. ನಮಗೆ ಇವನೇ ಮುಖ್ಯ. ಅಲ್ಲಿಯವರೆಗೆ ಕ್ಷಾರದ ನೀರು ಎಷ್ಟು ಖಾರ ಅಂತ ನೋಡೋಕೆ ಮೊಟ್ಟೆ ತೇಲಿಸ್ತಿದ್ರು, ಎಲ್ಲಾ ಅಂದಾಜು. ಇವನ ನಂತರ ಯಾವ ಎಣ್ಣೆಗೆ ಎಷ್ಟು ಕ್ಷಾರ ಅಂತ ಲೆಕ್ಕ ಬಂತು.

1888ರಲ್ಲಿ ಲಿವರ್ ಕಂಪನಿಯ ಸನ್‌ಲೈಟ್ ಪೆಟ್ಟಿಗೆಗಳು ಕಲ್ಕತ್ತಾ ಬಂದರಿಗೆ ಇಳಿದವು. ಆ ಕಾಲದ ಸೋಪಿನ ಕಾರ್ಖಾನೆಗಳಿಗೆ ಕೊಬ್ಬರಿ ಬೇಕೇ ಬೇಕಿತ್ತು. ಕೇರಳ, ಸಿಲೋನಿನ ಕೊಬ್ಬರಿ ಹಡಗು ಹತ್ತಿ ಹೋಗಿ, ಅಲ್ಲಿಂದ ಸೋಪು ಹಡಗಲ್ಲಿ ಬರ್ತಿತ್ತು.

ನಮ್ಮ ಮೈಸೂರಿನ ಗಂಧಕ್ಕೂ ಇದೇ ಗತಿ. ಗಂಧದ ಮರ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆ ಆಗ್ತಿತ್ತು. 1914ರ ಯುದ್ಧಕ್ಕೆ ಅದು ನಿಂತು, ಮರ ಇಲ್ಲೇ ಉಳೀತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ 1916ಕ್ಕೆ ಬೆಂಗಳೂರಲ್ಲಿ ಗಂಧದೆಣ್ಣೆ ತೆಗೆಯೋಕೆ ಶುರು ಮಾಡಿದ್ರು. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನ ಸೋಪಿನ ವಿದ್ಯೆ ಕಲಿಯೋಕೆ ಲಂಡನ್ನಿಗೆ ಕಳಿಸಿದ್ರು. 1918ರ ಹೊತ್ತಿಗೆ ಸರ್ಕಾರಿ ಸೋಪಿನ ಕಾರ್ಖಾನೆ ಎದ್ದಿತ್ತು. ಆ ಮೊಟ್ಟೆ ಆಕಾರದ ಮೈಸೂರು ಸ್ಯಾಂಡಲ್ ಬಿಲ್ಲೆ ಹಿಂದೆ ಇಷ್ಟೆಲ್ಲಾ ಇದೆ. ಮರ ಮಾರೋ ಬದ್ಲು ಸೋಪು ಮಾರೋಣ ಅಂತ ಅವರಿಗೆ ಹೊಳೆದಿದ್ದು ದೊಡ್ಡದು ಅಂತ ನನ್ನ ಅಭಿಪ್ರಾಯ. ಕೊಬ್ಬರಿ ರೇಟು ಬಿದ್ದಾಗೆಲ್ಲಾ ಇದು ನೆನಪಾಗುತ್ತೆ.

ಈಗ ನಿಮ್ಮ ಸೋಪಿಗೆ ಬರ್ತೀನಿ. ಇವತ್ತಿನ ಕ್ಷಾರ ಕಾಸ್ಟಿಕ್ ಸೋಡಾ, ಉಪ್ಪು ನೀರಿಗೆ ಕರೆಂಟ್ ಹಾಯಿಸಿ ಮಾಡಿದ್ದು. ಚೌಳು ಮಣ್ಣಿಗಿಂತ ಎಷ್ಟೋ ಪಟ್ಟು ಉಗ್ರ. ಮೊಬೈಲಲ್ಲಿ ಯಾರೋ ಇದನ್ನ ಚಮಚದಲ್ಲಿ ಅಳೆಯೋದು ತೋರಿಸ್ತಾರೆ, ನಂಬಬೇಡಿ. ಗ್ರಾಂ ತಕ್ಕಡಿ ಇಲ್ಲದಿದ್ರೆ ಶುರು ಮಾಡ್ಲೇಬೇಡಿ. 1 ಕೆ.ಜಿ. ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗೋಕೆ ಸುಮಾರು 183 ಗ್ರಾಂ ಕಾಸ್ಟಿಕ್ ಹಿಡಿಯುತ್ತೆ. ಅದೇ ಕಡ್ಲೆಕಾಯಿ ಎಣ್ಣೆಗೆ ಸುಮಾರು 136, ಹರಳೆಣ್ಣೆಗೆ 128 ಸಾಕು. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದ್ರೆ ಉಳಿದ ಕಾಸ್ಟಿಕ್ ಮಕ್ಕಳ ಚರ್ಮಕ್ಕೆ ಹೋಗುತ್ತೆ. ಬರೀ ಕೊಬ್ಬರಿ ಎಣ್ಣೆ ಸೋಪು ಮೈ ಒಣಗಿಸುತ್ತೆ, ಅದಕ್ಕೆ ಸ್ನಾನಕ್ಕಾದ್ರೆ 155 ಗ್ರಾಂ ಹಾಕಿ, ಸ್ವಲ್ಪ ಎಣ್ಣೆ ಹಾಗೇ ಉಳೀಲಿ. ನೀರು 350 ಗ್ರಾಂ.

ನೀರಿಗೆ ಕಾಸ್ಟಿಕ್ ಹಾಕ್ಬೇಕು, ಕಾಸ್ಟಿಕ್ ಮೇಲೆ ನೀರು ಸುರೀಬಾರದು, ಸಿಡಿಯುತ್ತೆ. ಸ್ಟೀಲ್ ಪಾತ್ರೆ ಇರಲಿ, ಅಲ್ಯೂಮಿನಿಯಂ ತಿಂದು ಹಾಕುತ್ತೆ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಹಾಕಿ, ಹಿತ್ತಲಲ್ಲಿ ಗಾಳಿ ಇರೋ ಕಡೆ ಮಾಡಿ. ಮಕ್ಕಳು, ನಾಯಿ, ಕೋಳಿ ಸುಳೀಬಾರದು. ಮೈಮೇಲೆ ಬಿದ್ರೆ ಧಾರಾಳ ನೀರಲ್ಲಿ ತೊಳೀತಾ ಇರಿ, ನಿಂಬೆಹಣ್ಣು ಉಜ್ಜಬೇಡಿ. ಕಣ್ಣಿಗೆ ಬಿದ್ರೆ 20 ನಿಮಿಷ ನೀರು ಹಾಕಿ ಸೀದಾ ಆಸ್ಪತ್ರೆಗೆ.

ಕಾಸ್ಟಿಕ್ ನೀರು ಉಗುರುಬೆಚ್ಚಗಾದ ಮೇಲೆ ಬೆಚ್ಚಗಿನ ಎಣ್ಣೆಗೆ ನಿಧಾನ ಸುರಿದು, ದೋಸೆ ಹಿಟ್ಟಿನ ಹದ ಬರೋ ತನಕ ತಿರುವಿ ಅಚ್ಚಿಗೆ ಹಾಕಿ. ಕೊಬ್ಬರಿ ಎಣ್ಣೆ ಸೋಪು ಬೇಗ ಗಟ್ಟಿಯಾಗುತ್ತೆ, ಮಾರನೇ ದಿನದ ತನಕ ಬಿಟ್ರೆ ಕುಯ್ಯುವಾಗ ಒಡೆಯುತ್ತೆ. ಕುಯ್ದ ಮೇಲೆ 4ರಿಂದ 6 ವಾರ ನೆರಳಲ್ಲಿ ಗಾಳಿಗೆ ಇಡಿ. ನಮ್ಮ ಬೋರ್‌ವೆಲ್ಲಿನ ಗಡಸು ನೀರಲ್ಲೂ ಇದು ನೊರೆ ಕೊಡುತ್ತೆ. ಹಿಂದೆ ಹಡಗಿನವರು ಸಮುದ್ರದ ನೀರಲ್ಲಿ ತೊಳೆಯೋಕೆ ಕೊಬ್ಬರಿ ಎಣ್ಣೆ ಸೋಪನ್ನೇ ಒಯ್ತಿದ್ರು.

ಮನೆ ಬಳಕೆಗೆ ಯಾರನ್ನೂ ಕೇಳಬೇಕಾಗಿಲ್ಲ. ಸ್ನಾನದ ಸೋಪು ಅಂತ ಮಾರೋದಾದ್ರೆ ಲೈಸೆನ್ಸ್ ಬೇಕು, ಸಂಘದ ಅಕ್ಕಂದಿರು ದುಡ್ಡು ಹಾಕೋ ಮೊದಲು ಔಷಧ ನಿಯಂತ್ರಣ ಇಲಾಖೇಲಿ ವಿಚಾರಿಸಿ. ಹೊಂಗೆ ಎಣ್ಣೆ ಇಟ್ಕೊಂಡಿರೋರು ಬಟ್ಟೆ ಸೋಪಿಗೆ ನೋಡ್ಬಹುದು, ಮೈಗೆ ಆ ವಾಸನೆ ಆಗಿಬರಲ್ಲ.