ಕುಲುಮೆಯಿಂದ ಡೀಸೆಲ್ ಗಾಡಿಯವರೆಗೆ

ಇತಿಹಾಸವೆಂದೊಡನೆ ನಮ್ಮ ಮನಸ್ಸು ಅರಮನೆ, ಕೋಟೆ, ಶಾಸನಗಳ ಕಡೆಗೆ ಓಡುವದು ಸಹಜ. ಅಕ್ಕಲಕೋಟ ಸಂಸ್ಥಾನದ ಭೋಸಲೆ ಅರಸರು, 1948ರ ವಿಲೀನೀಕರಣ, 1956ರ ರಾಜ್ಯಪುನರ್ವಿಂಗಡನೆ - ಇವುಗಳಿಗೆ ದಫ್ತರಗಳಲ್ಲಿ ಕಾಗದಪತ್ರಗಳಿವೆ. ಆದರೆ ಒಕ್ಕಲಿಗನ ರಂಟೆಯ ಕುಳವನ್ನು ಹದಗೊಳಿಸಿದ ಕೈಗೆ, ಬಾವಿಯ ಮೇಲಿನ ಇಂಜನನ್ನು ಬಿಚ್ಚಿ ಜೋಡಿಸಿದ ಕೈಗೆ ಯಾವ ದಫ್ತರವೂ ಇಲ್ಲ. ನನ್ನ ಮನೆಯಂಗಳದಲ್ಲಿ ನಿಂತಿರುವ ಒಂದು ಹಳೆಯ ಡೀಸೆಲ್ ಪಿಕಪ್ ಗಾಡಿಯೇ ಈ ಬರೆಯದ ಇತಿಹಾಸದತ್ತ ನನ್ನ ಕಣ್ಣನ್ನು ತಿರುಗಿಸಿತು.

ಗಾಡಿ ನನ್ನ ಕೈಗೆ ಬರುವ ಮೊದಲೇ ಇಬ್ಬರು ಒಡೆಯರನ್ನು ಕಂಡಿತ್ತು. ಕೊಂಡ ತಿಂಗಳಲ್ಲಿಯೇ ಉಳ್ಳಾಗಡ್ಡಿಯ ಚೀಲಗಳನ್ನು ಹೇರಿಕೊಂಡು ಸೊಲ್ಲಾಪುರದ ಪೇಟೆಗೆ ಹೊರಟವನು ಅಕ್ಕಲಕೋಟೆಯ ಈಚೆಗೇ ದಾರಿಯಲ್ಲಿ ನಿಲ್ಲಬೇಕಾಯಿತು. ತಪ್ಪು ನನ್ನದೇ: ಟಾಕಿ ಬರಿದಾಗುವವರೆಗೆ ಓಡಿಸಿದ್ದೆನು. ಡೀಸೆಲ್ ತಂದು ಸುರಿದರೂ ಇಂಜನು ಹಿಡಿಯಲಿಲ್ಲ. ದಾರಿಯಲ್ಲಿ ಬರುತ್ತಿದ್ದ ಒಬ್ಬ ಹಿರಿಯರು ಕೇಳದೆಯೇ ಹತ್ತಿರ ಬಂದು, ಫಿಲ್ಟರಿನ ಮೇಲಿನ ಚಿಕ್ಕ ತಿರುಪನ್ನು ಸಡಿಲಿಸಿ ಕೈಪಂಪನ್ನು ಹೆಬ್ಬೆರಳಿನಿಂದ ಒತ್ತತೊಡಗಿದರು. ಮೊದಲು ಗುಳ್ಳೆ ಗುಳ್ಳೆಯಾಗಿ ಎಣ್ಣೆ ಬಂದಿತು. ಗುಳ್ಳೆ ನಿಂತು ಶುದ್ಧ ಧಾರೆ ಬಂದೊಡನೆ ತಿರುಪನ್ನು ಬಿಗಿದರು. ನಳಿಗೆಯೊಳಗೆ ಸೇರಿದ್ದ ಹವೆ ಹೊರಬಿದ್ದಿತ್ತು. ಇಂಜನು ಒಮ್ಮೆಗೇ ಗುಡುಗಿತು. “ಇದನ್ನೆಲ್ಲಾ ಎಲ್ಲಿ ಕಲಿತಿರಿ, ಕಾಕಾ?” ಎಂದು ಕೇಳಿದೆನು. “ಎಲ್ಲಿಂದ ಕಲಿಯೂದ್ರೀ, ನಮ್ಮಪ್ಪ ಬಂಡಿಗೆ ಹಳಿ ಕಟ್ತಿದ್ದ” ಎಂದರು.

ಪ್ರಶ್ನೆಗೂ ಉತ್ತರಕ್ಕೂ ಸಂಬಂಧವಿಲ್ಲವೆಂದು ಆಗ ತೋರಿತು. ಈಗ ತಿಳಿಯುತ್ತದೆ, ನಮ್ಮ ಸೀಮೆಯ ಯಂತ್ರವಿದ್ಯೆಯ ಇತಿಹಾಸವೆಲ್ಲ ಆ ಒಂದೇ ಮಾತಿನಲ್ಲಿತ್ತು.

ಹಳೆಯ ಊರಿನಲ್ಲಿ ಕಮ್ಮಾರ, ಬಡಿಗರು ಆಯಗಾರರಾಗಿದ್ದರು. ವರ್ಷವಿಡೀ ಒಕ್ಕಲಿಗನ ರಂಟೆ, ಕುಂಟೆ, ಕೂರಿಗೆಗಳನ್ನು ನೋಡಿಕೊಂಡು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳದ ಆಯವನ್ನು ಪಡೆಯುವದು ಪದ್ಧತಿ. ಸಾಧನ ಕೆಟ್ಟರೆ ಬಿಸಾಡುವ ಮಾತೇ ಇರಲಿಲ್ಲ. ಅದನ್ನು ಸರಿಪಡಿಸುವದೇ ಕಮ್ಮಾರನ ಹಕ್ಕೂ ಆಗಿತ್ತು, ಹೊಣೆಯೂ ಆಗಿತ್ತು. ಅವನ ಕೆಲಸಗಳಲ್ಲಿ ಬಂಡಿಯ ಗಾಲಿಗೆ ಹಳಿ ಕಟ್ಟುವದು ಒಂದು ದೊಡ್ಡ ಪರೀಕ್ಷೆ. ಕಬ್ಬಿಣದ ಹಳಿಯನ್ನು ಗಾಲಿಗಿಂತ ತುಸು ಕಿರಿದಾಗಿ ಮಾಡಿ, ಕುಳ್ಳಿನ ಬೆಂಕಿಯಲ್ಲಿ ಕಾಯಿಸಿದರೆ ಅದು ಹಿಗ್ಗುವದು. ಕೆಂಪಾಗಿರುವಾಗಲೇ ಗಾಲಿಯ ಮೇಲೆ ಕೂಡಿಸಿ ನೀರು ಹೊಯ್ದರೆ ಕುಗ್ಗಿ ಬಿಗಿಯುವದು. ತೀರ ಕಿರಿದಾದರೆ ಗಾಲಿ ಮುರಿಯುವದು. ಸಡಿಲಾದರೆ ಬೇಸಿಗೆಯಲ್ಲಿ ಕಳಚಿ ಬೀಳುವದು. ಈ ಅಳತೆ ಕಣ್ಣಿನಲ್ಲಿತ್ತು, ಕಾಗದದಲ್ಲಿ ಇರಲಿಲ್ಲ.

1860ರಲ್ಲಿ ರೇಲ್ವೆಯು ಸೊಲ್ಲಾಪುರವನ್ನು ಮುಟ್ಟಿತು. 1871ರಲ್ಲಿ ಅದೇ ಹಾದಿ ಅಕ್ಕಲಕೋಟ ರೋಡ್, ದುಧನಿಗಳನ್ನು ದಾಟಿ ರಾಯಚೂರಿನಲ್ಲಿ ಮದ್ರಾಸಿನ ಹಾದಿಯನ್ನು ಕೂಡಿತು. ಕಪ್ಪು ನೆಲದ ನಡುವೆ ಉಗಿಯ ಬಂಡಿ ಓಡಿತು. ಸೊಲ್ಲಾಪುರದಲ್ಲಿ ಗಿರಣಿಗಳು ಎದ್ದವು. ಆದರೆ ಆ ಉಗಿಯಂತ್ರವು ದೊಡ್ಡ ಬಂಡವಾಳದವರ ಸೊತ್ತು. ಅದು ಕುಲುಮೆಯ ಬಾಗಿಲಿಗೆ ಬರುವಂತಿರಲಿಲ್ಲ. ನೇಕಾರನು ಗಿರಣಿಗೆ ಹೋದನೇ ಹೊರತು ಗಿರಣಿಯ ಯಂತ್ರವು ನೇಕಾರನ ಮನೆಗೆ ಬರಲಿಲ್ಲ.

ಈ ಅನ್ಯಾಯವೇ ದೂರದ ಜರ್ಮನಿಯಲ್ಲಿ ಒಬ್ಬ ತರುಣನನ್ನು ಕಾಡುತ್ತಿದ್ದುದು ಸೋಜಿಗದ ಸಂಗತಿ. 1858ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ರುಡಾಲ್ಫ್ ಡೀಸೆಲ್‌ನು, ಸಣ್ಣ ಕಸಬುದಾರನೂ ಇಟ್ಟುಕೊಳ್ಳಬಲ್ಲ ಮಿತವ್ಯಯದ ಯಂತ್ರವೊಂದಿದ್ದರೆ ಅವನು ದೊಡ್ಡ ಕಾರಖಾನೆಗಳ ಎದುರು ತಲೆಯೆತ್ತಿ ನಿಲ್ಲಬಹುದೆಂದು ಬಗೆದನು. 1893ರಲ್ಲಿ ಅವನಿಗೆ ಪೇಟೆಂಟು ದೊರೆಯಿತು. ಕಿಡಿಯ ಸಹಾಯವಿಲ್ಲದೆ, ಹವೆಯನ್ನೇ ಅದುಮಿ ಅದುಮಿ ಕಾಯಿಸಿ, ಆ ಕಾವಿನಲ್ಲಿ ಎಣ್ಣೆಯನ್ನು ಉರಿಸುವದು ಅವನ ಉಪಾಯ. 1897ರ ಫೆಬ್ರುವರಿಯಲ್ಲಿ ಆಗ್ಸ್‌ಬರ್ಗಿನಲ್ಲಿ ಪರೀಕ್ಷಿಸಿದಾಗ ಅದು ಉರುವಲಿನ ಶಕ್ತಿಯಲ್ಲಿ ನೂರಕ್ಕೆ 26ರಷ್ಟನ್ನು ಕೆಲಸಕ್ಕೆ ತಂದಿತು; ಆ ಕಾಲದ ಉಗಿಯಂತ್ರಗಳು ಇದರ ಅರ್ಧವನ್ನೂ ಕಷ್ಟದಿಂದ ಮುಟ್ಟುತ್ತಿದ್ದವು. ಆದರೆ ಯಂತ್ರವು ಸುಮಾರು ಮೂರು ಮೀಟರು ಎತ್ತರದ್ದು! ಕೊಂಡವರು ಕಾರಖಾನೆಯವರು, ಹಡಗಿನವರು. 1913ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ಡೀಸೆಲ್‌ನು ಕಾಣೆಯಾದನು. ತನ್ನ ಯಂತ್ರವು ಕಸಬುದಾರನ ಅಂಗಳಕ್ಕೆ ಬಂದುದನ್ನು ಅವನು ಕಾಣಲಿಲ್ಲ. 1927ರಲ್ಲಿ ಬಾಷ್ ಕಂಪನಿಯು ಎಣ್ಣೆ ಚಿಮ್ಮಿಸುವ ಚಿಕ್ಕ ಪಂಪನ್ನು ಹೇರಳವಾಗಿ ತಯಾರಿಸತೊಡಗಿದ ತರುವಾಯವೇ ಈ ಇಂಜನು ಲಾರಿಗಳಲ್ಲಿ ಚೆನ್ನಾಗಿ ನೆಲೆಗೊಂಡಿತು.

ಇತ್ತ ನಮ್ಮ ಕನ್ನಡ ನೆಲದಲ್ಲಿಯೂ ಮನೆಯ ಕಾರ್ಯಶಾಲೆಯೊಂದು ಬೆಳೆಯುತ್ತಲಿತ್ತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಅಣ್ಣನೊಡಗೂಡಿ ಬೆಳಗಾವಿಯಲ್ಲಿ ಸಾಯಕಲ್ಲಿನ ಅಂಗಡಿ ಇಟ್ಟವರು. ಬಿಚ್ಚುವದು, ನೋಡುವದು, ಮತ್ತೆ ಕೂಡಿಸುವದು - ಇಲ್ಲಿಂದಲೇ ಮೇವು ಕತ್ತರಿಸುವ ಯಂತ್ರವೂ ಕಬ್ಬಿಣದ ನೇಗಿಲೂ ಹುಟ್ಟಿದವು. ಕಬ್ಬಿಣವು ನೆಲಕ್ಕೆ ವಿಷವೆಂದು ಒಕ್ಕಲಿಗರು ಮೊದಮೊದಲು ಅದನ್ನು ಮುಟ್ಟಲೇ ಇಲ್ಲ. ಬೆಳಗಾವಿಯಲ್ಲಿ ಜಾಗ ಕಳೆದುಕೊಂಡ ಅವರಿಗೆ ಔಂಧದ ಅರಸರು ಕುಂಡಲ ರೋಡ್ ನಿಲ್ದಾಣದ ಬಳಿ ನೆಲ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ನಿಂತಿತು. 1941ರಲ್ಲಿ ಹರಿಹರದಲ್ಲಿ ಲೇಥ್ ಯಂತ್ರಗಳ ಕಾರಖಾನೆ, 1946ರಲ್ಲಿ ಪುಣೆಯಲ್ಲಿ ಡೀಸೆಲ್ ಇಂಜನುಗಳ ಕಾರಖಾನೆ ಅದೇ ಮನೆತನದಿಂದ ಆದವು. ಬಾವಿಗಳ ಮೇಲೆ ಕಪಿಲೆಯ ಎತ್ತುಗಳ ಬದಲು ಇಂಜನಿನ ಸದ್ದು ಕೇಳತೊಡಗಿತು. 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿಯಿಂದ ಎಣ್ಣೆಯ ಪಂಪುಗಳೂ ನೋಝಲುಗಳೂ ಬಂದವು. 1954ರಲ್ಲಿ ಟಾಟಾದವರು ಜರ್ಮನ್ ಸಹಯೋಗದಿಂದ ಜಮ್‌ಶೇದ್‌ಪುರದಲ್ಲಿ ಡೀಸೆಲ್ ಲಾರಿಗಳನ್ನು ಮಾಡತೊಡಗಿದರು. 1988ರಲ್ಲಿ ಅವರ ಚಿಕ್ಕ ಪಿಕಪ್ ಗಾಡಿ ಹೊರಬಂದಿತು. ಶಹರದ ವ್ಯಾಪಾರಿಯಲ್ಲಿ ಕೆಲವು ವರ್ಷ ದುಡಿದು ಹಳೆಯದಾದ ಗಾಡಿಯು ಕೊನೆಗೆ ಒಕ್ಕಲಿಗನ ಕೈಗೆ ಬರುವದು. ಡೀಸೆಲ್‌ನು ಕಂಡ ಕನಸು ಹೀಗೆ ಎರಡನೆಯ, ಮೂರನೆಯ ಕೈಯಾಗಿ ನಮ್ಮ ಅಂಗಳವನ್ನು ಮುಟ್ಟಿತು.

ಮುಟ್ಟಿದ ಮೇಲೆ ಅದನ್ನು ಉಳಿಸಿದವರು ಯಾರು? ಹಳಿ ಕಟ್ಟುವವರ ಮಕ್ಕಳೇ. ಇಂಜನಿನ ದೊಡ್ಡ ಗಾಲಿಯ ಸುತ್ತಲೂ ಹಲ್ಲಿನ ಬಳೆಯೊಂದಿರುವದು. ಸವೆದರೆ ಹೊಸದನ್ನು ಕಾಯಿಸಿ, ಹಿಗ್ಗಿದಾಗ ಕೂಡಿಸಿ, ಆರಿದಾಗ ಬಿಗಿಯಗೊಡಬೇಕು. ಇದು ಬಂಡಿಯ ಹಳಿಯಲ್ಲದೆ ಮತ್ತೇನು? ಆ ಹಿರಿಯರ ಮಾತು ನನಗೆ ಅರ್ಥವಾದದ್ದು, ನನ್ನ ಮನೆಯ ಹಿಂದಿನ ತಗಡಿನ ಚಪ್ಪರದಲ್ಲಿ ಅವರೇ ಈ ಬಳೆಯನ್ನು ಕೂಡಿಸಿದ ದಿನ. ಅಲ್ಲಿ ಇಕ್ಕಳ, ಸುತ್ತಿಗೆ, ಅರ ಎಂಬ ಕನ್ನಡದ ಹಳೆಯ ಹೆಸರುಗಳ ಜೊತೆಗೆ ಮರಾಠಿಯ ಪಾನಾ, ಇಂಗ್ಲೀಷಿನ ಟ್ಯಾಪೆಟ್ ಒಂದೇ ಹಲಗೆಯ ಮೇಲೆ ಮಲಗಿವೆ. 1956ರಲ್ಲಿ ನಾವು ಮುಂಬಯಿ ರಾಜ್ಯದಲ್ಲಿ ಉಳಿದೆವು, 1960ರಿಂದ ಮಹಾರಾಷ್ಟ್ರದಲ್ಲಿದ್ದೇವೆ; ಆದರೆ “ಪಾನಾ ಕೊಡು, ತುಸು ಸಡಿಲ ಮಾಡು” ಎಂಬ ವಾಕ್ಯದಲ್ಲಿ ಹೆಸರು ಎಲ್ಲಿಯದಾದರೂ ಕ್ರಿಯಾಪದವು ಕನ್ನಡದ್ದೇ ಆಗಿದೆ. ಕೆಲಸವು ಯಾವ ಭಾಷೆಯಲ್ಲಿ ನಡೆಯುವದೋ ಆ ಭಾಷೆ ಬದುಕುವದು.

ಈಗ ಈ ಪರಂಪರೆಗೆ ಒಂದು ತಿರುವು ಬಂದಿದೆ. 2020ರ ಏಪ್ರಿಲಿನಿಂದ ದೇಶದಲ್ಲೆಲ್ಲ ಜಾರಿಯಾದ ಹೊಗೆಯ ಹೊಸ ನಿಯಮಕ್ಕೆ ತಕ್ಕ ಇಂಜನುಗಳಲ್ಲಿ ಎಣ್ಣೆಯನ್ನು ಅಳೆದು ಚಿಮ್ಮಿಸುವದು ವಿದ್ಯುನ್ಮಾನದ ಕೆಲಸ. ದೋಷವನ್ನು ಗುರುತಿಸಲು ಕಿವಿ ಸಾಲದು, ಗಣಕಯಂತ್ರ ಬೇಕು. ಈ ನಿಯಮವನ್ನು ನಾನು ಹಳಿಯಲಾರೆನು: ನನ್ನ ಗಾಡಿ ಬಿಡುವ ಕರಿಯ ಹೊಗೆಯನ್ನು ಕುಡಿಯುವವರು ನಮ್ಮ ಮಕ್ಕಳೇ. ಹಳೆಯ ಗಾಡಿ ಒಂದು ದಿನ ಗುಜರಿಗೆ ಹೋಗತಕ್ಕದ್ದೇ. ಆದರೆ ಅದರೊಡನೆ, ಕೆಟ್ಟದ್ದನ್ನು ಬಿಚ್ಚಿ ನೋಡುವ ಧೈರ್ಯವೂ ಗುಜರಿಗೆ ಹೋಗಬೇಕೆ? ಹಣ ಕೊಟ್ಟ ಮಾತ್ರಕ್ಕೆ ಯಂತ್ರವು ನಮ್ಮದಾಗುವದಿಲ್ಲ. ಅದರ ಒಳಗನ್ನು ಬಲ್ಲೆವಾದರೆ ನಮ್ಮದು, ಇಲ್ಲದಿದ್ದರೆ ನಾವು ಬರಿಯ ಬಾಡಿಗೆದಾರರು.

ಆದುದರಿಂದ ವಾಚಕರಲ್ಲಿ ಒಂದು ಬಿನ್ನಹ. ನಿಮ್ಮ ಊರಿನಲ್ಲಿ ಕುಲುಮೆಯನ್ನೂ ಡೀಸೆಲ್ ಪಂಪನ್ನೂ ಎರಡನ್ನೂ ಬಲ್ಲ ಹಿರಿಯರು ಇನ್ನೂ ಇದ್ದರೆ, ಅವರ ಬಳಿ ಒಂದು ಸಂಜೆ ಕುಳಿತುಕೊಳ್ಳಿರಿ. ಅವರು ಹೇಳುವ ಉಪಕರಣಗಳ ಹೆಸರು, ಅಳತೆ, ಉಪಾಯಗಳನ್ನು ಬರೆದಿಡಿರಿ. ನಮ್ಮ ಸೀಮೆಯ ಇತಿಹಾಸಕ್ಕೆ ಅವೇ ಶಾಸನಗಳು. ನನ್ನ ಗಾಡಿಯ ಹವೆ ತೆಗೆದ ಆ ಕಾಕಾನ ಮಾತುಗಳಿಂದ ನನ್ನ ವಹಿಯಲ್ಲಿ ಹನ್ನೊಂದು ಪುಟಗಳಾಗಿವೆ. ಮುಂದಿನ ಬಾರಿ ಕೇಳಬೇಕೆಂದಿದ್ದ ಮಾತುಗಳು ಇನ್ನೂ ಹಲವು ಇದ್ದವು. ಈ ಸುಗ್ಗಿಗೆ ಅವರು ಇಲ್ಲ.