ಅರ್ಧತರಂಗ ಡೈಪೋಲ್ ತಂತಿಯ ಉದ್ದ: ಒಂದು ಸೂತ್ರದ ಪೂರ್ವೇತಿಹಾಸ

ಹವ್ಯಾಸಿ ರೇಡಿಯೋಗಾರರ ಕೈಪಿಡಿಗಳಲ್ಲಿ ಒಂದು ಸೂತ್ರವು ಬಹುಕಾಲದಿಂದ ನಡೆದುಬಂದಿದೆ. 468ನ್ನು ಮೆಗಾಹರ್ಟ್ಸ್‌ಗಳಲ್ಲಿರುವ ಆವರ್ತಾಂಕದಿಂದ ಭಾಗಿಸಿದರೆ ಅರ್ಧತರಂಗ ಡೈಪೋಲ್ ತಂತಿಯ ಉದ್ದವು ಅಡಿಗಳಲ್ಲಿ ದೊರೆಯುತ್ತದೆ. ಬೆಳಕಿನ ವೇಗದಿಂದಲೇ ಗಣಿಸಿದರೆ ಬರಬೇಕಾದ ಸಂಖ್ಯೆ ಸುಮಾರು 492. 7.1 ಮೆಗಾಹರ್ಟ್ಸ್‌ಗೆ ಮೊದಲ ಲೆಕ್ಕ 20.1 ಮೀಟರ್, ಎರಡನೆಯದು 21.1 ಮೀಟರ್. ತಂತಿಯಲ್ಲಿ ತರಂಗವು ಶೇಕಡ 5ರಷ್ಟು ನಿಧಾನವಾಗಿ ಚಲಿಸುವುದೇ ಈ ಅಂತರಕ್ಕೆ ಕಾರಣವೆಂದು ಹೇಳುವವರುಂಟು. ಈ ಮಾತನ್ನು ಪರೀಕ್ಷಿಸದೆ ಒಪ್ಪುವಂತಿಲ್ಲ.

ತಂತಿಯಲ್ಲಿನ ವೇಗದ ಪ್ರಶ್ನೆಯು ಹೈನ್ರಿಚ್ ಹರ್ಟ್ಸನಷ್ಟೇ ಹಳೆಯದು. 1888ರಲ್ಲಿ ಕಾರ್ಲ್ಸ್‌ರೂಹೆಯ ಪ್ರಯೋಗಶಾಲೆಯಲ್ಲಿ ಅವನು ತಂತಿಯ ಮೇಲಿನ ಸ್ಥಿರತರಂಗದ ನಿಸ್ಪಂದಬಿಂದುಗಳ ನಡುವಣ ದೂರವನ್ನು 2.8 ಮೀಟರ್ ಎಂದು ಅಳೆದು, ಆಂದೋಲನದ ಕಾಲವನ್ನು ಗಣಿತದಿಂದ ಪಡೆದು, ವೇಗವು ಸೆಕೆಂಡಿಗೆ 2,00,000 ಕಿಲೋಮೀಟರೆಂದು ತೀರ್ಮಾನಿಸಿದನು. ಗಾಳಿಯಲ್ಲಿಯಾದರೋ 3,20,000 ಬಂದಿತು! ಅಳತೆಯಲ್ಲಿ ದೋಷವಿರಲಿಲ್ಲ, ಕಾಲದ ಲೆಕ್ಕದಲ್ಲಿ 2ರ ವರ್ಗಮೂಲದಷ್ಟು ತಪ್ಪಿದೆಯೆಂದು ಫ್ರಾನ್ಸಿನ ಗಣಿತಜ್ಞ ಪ್ವಾಂಕರೆ ತೋರಿಸಿಕೊಟ್ಟನು. ಅದನ್ನು ತಿದ್ದಿದೊಡನೆ ತಂತಿಯಲ್ಲಿನ ವೇಗವು ಸುಮಾರು 2,83,000ಕ್ಕೇರಿ ಬೆಳಕಿನ ವೇಗದ ಸಮೀಪಕ್ಕೆ ಬಂದಿತು. ಗಾಳಿಯ ಫಲಿತಾಂಶವನ್ನು ಕೋಣೆಯ ಇಕ್ಕಟ್ಟು ಕೆಡಿಸಿತ್ತು. 1893ರಲ್ಲಿ ಜಿನೀವದ ವಿಶಾಲವಾದ ಸಭಾಂಗಣವೊಂದರಲ್ಲಿ ಸಾರಸಿನ್ ಮತ್ತು ದ ಲಾ ರೀವ್ ದೊಡ್ಡ ಲೋಹದರ್ಪಣವನ್ನಿಟ್ಟು ಪ್ರಯೋಗ ನಡೆಸಿ, ಎರಡು ವೇಗಗಳೂ ಸಮಾನವೆಂದು ಸ್ಥಾಪಿಸಿದರು.

ಅಂದಮೇಲೆ ತಂತಿಯನ್ನು ಮೊಟಕುಗೊಳಿಸುವ ಅಗತ್ಯವೇಕೆ? ಕಾರಣವಿರುವುದು ತಂತಿಯ ತುದಿಗಳಲ್ಲಿ. ಅಲ್ಲಿ ಶೇಖರವಾಗುವ ವಿದ್ಯುದಂಶವು ತಂತಿಯನ್ನು ತನ್ನ ನಿಜವಾದ ಉದ್ದಕ್ಕಿಂತ ಉದ್ದವಾದುದೆಂಬಂತೆ ವರ್ತಿಸುವ ಹಾಗೆ ಮಾಡುತ್ತದೆ. ತೆಳುವಾದ ಬರಿಯ ತಂತಿಗೆ ಈ ಕಡಿತವು ಶೇಕಡ 2ರಿಂದ 3ರಷ್ಟು ಮಾತ್ರ. ತುದಿಯ ಕುಣಿಕೆಗಳು, ನಿರೋಧಕಗಳು, ತಂತಿಯ ಹೊದಿಕೆ ಇವು ಉಳಿದುದನ್ನು ಸೇರಿಸುತ್ತವೆ. ನೆಲದಿಂದಿರುವ ಎತ್ತರವೂ ಅನುರಣನವನ್ನು ಅತ್ತಿತ್ತ ಸರಿಸುತ್ತದೆ. ಆದುದರಿಂದ 468 ಎಂಬುದು ನಿಸರ್ಗನಿಯಮವಲ್ಲ, ಅನುಭವದ ಸರಾಸರಿ.

ಈ ಅನುಭವವು ಹವ್ಯಾಸಿಗಳಿಗೆ ಒದಗಿದುದು ಒಂದು ಬಗೆಯ ಗಡೀಪಾರಿನಿಂದಲೇ ಎನ್ನಬಹುದು. ಅಮೆರಿಕದ 1912ರ ಕಾಯಿದೆಯು ಅವರನ್ನು ಆಗ ನಿರುಪಯುಕ್ತವೆಂದು ಎಣಿಸಲಾಗಿದ್ದ 200 ಮೀಟರ್ ಮತ್ತು ಅದಕ್ಕೂ ಕಡಿಮೆಯ ತರಂಗಾಂತರಗಳಿಗೆ ತಳ್ಳಿತು. 200 ಮೀಟರಿಗೆ ಅರ್ಧತರಂಗವೆಂದರೆ 100 ಮೀಟರ್ ತಂತಿ. ಮನೆಯ ಹಿತ್ತಲಿಗೆ ಅದು ಹಿಡಿಯದು. 1923ರ ನವೆಂಬರಿನಲ್ಲಿ ಫ್ರಾನ್ಸಿನ ದೆಲ್ವಾ, ಅಮೆರಿಕದ ಷ್ನೆಲ್ ಮತ್ತು ರೈನಾರ್ಟ್ಸ್ ಸುಮಾರು 110 ಮೀಟರಿನಲ್ಲಿ ಅಟ್ಲಾಂಟಿಕ್ ಸಾಗರದಾಚೆಗೆ ಪರಸ್ಪರ ಸಂಭಾಷಿಸಿದರು. 1924ರಲ್ಲಿ 80, 40, 20 ಮೀಟರುಗಳ ಪಟ್ಟಿಗಳು ತೆರೆದುವು. ಡೈಪೋಲ್ ಹಿತ್ತಲಿಗೆ ಬಂದಿತು. ಸೂತ್ರಕ್ಕಿಂತ ತುಸು ಉದ್ದವಾಗಿ ಕಟ್ಟಿ, ಅನುರಣನವನ್ನು ಉಪಕರಣದಿಂದ ಕಂಡುಕೊಂಡು, ಎರಡು ತುದಿಗಳನ್ನೂ ಸಮವಾಗಿ ಕತ್ತರಿಸುತ್ತ ಬರುವುದು ರೂಢಿಯಾಯಿತು.

ವಿದ್ಯಾರ್ಥಿಗಳು ಇನ್ನೊಂದು ವಿಷಯವನ್ನು ಗಮನಿಸಬೇಕು. ಶಾಸ್ತ್ರಗ್ರಂಥಗಳಲ್ಲಿ 'ಪರಿಣಾಮಕ ಉದ್ದ'ವೆಂಬುದು ಈ ಅನುರಣನದ ಉದ್ದವಲ್ಲ. ತಂತಿಯಲ್ಲಿ ಹುಟ್ಟುವ ವೋಲ್ಟೇಜನ್ನು ಕ್ಷೇತ್ರದ ತೀವ್ರತೆಯಿಂದ ಭಾಗಿಸಿದಾಗ ಬರುವ ಪ್ರಮಾಣ. ಪ್ರವಾಹವು ನಡುವೆ ಗರಿಷ್ಠವಾಗಿದ್ದು ತುದಿಗಳಲ್ಲಿ ಶೂನ್ಯವಾಗುವುದರಿಂದ, ಅರ್ಧತರಂಗ ಡೈಪೋಲಿಗೆ ಅದು ತರಂಗಾಂತರವನ್ನು ಪೈಯಿಂದ ಭಾಗಿಸಿದಷ್ಟು. ಮೇಲೆ ಹೇಳಿದ 7.1 ಮೆಗಾಹರ್ಟ್ಸ್‌ನ ತಂತಿಗೆ ಇದು ಸುಮಾರು 13.4 ಮೀಟರ್. ಇದನ್ನು ಅಳತೆಪಟ್ಟಿಯಿಂದ ಕಾಣಲಾಗದು. ತೀವ್ರತೆ ಗೊತ್ತಿರುವ ಕ್ಷೇತ್ರದಲ್ಲಿ ತಂತಿಯನ್ನಿಟ್ಟು ವೋಲ್ಟೇಜನ್ನು ಅಳೆಯಬೇಕು.